ಮಹಾತ್ಮರ ಉಪವಾಸ ಮತ್ತು ದೇಹದ ಹಿತ

ಪಡುಬಿದ್ರಿ ಮತ್ತು ಕಾಪುಗಳ ನಡುವೆ, ಅರಬ್ಬೀ ಸಮುದ್ರದ ತಡಿಯಲ್ಲಿ ಎರ್ಮಾಳು ಇದೆ. ತುಳುನಾಡಿನ ವರ್ಷದ ಜಾತ್ರೆಗಳು ಅಲ್ಲಿ ಆರಂಭಗೊಂಡು ಖಂಡೇವಿನಲ್ಲಿ ಮುಗಿಯುತ್ತವೆಂಬುದು ಜನಜನಿತವಾದ ನಂಬಿಕೆ. ಜಾತ್ರೆಯೆಂದೊಡನೆ ಸಮಾರಾಧನೆಯ ಪಂಕ್ತಿಗಳು ಕಣ್ಮುಂದೆ ನಿಲ್ಲುತ್ತವೆ. ಆದರೆ ಅದೇ ಸೀಮೆಯಲ್ಲಿ ಅನ್ನವನ್ನು ತೊರೆಯುವ ಸಂಪ್ರದಾಯವೂ ಅಷ್ಟೇ ಹಳೆಯದು. ಉಡುಪಿಯಲ್ಲಿ ಏಕಾದಶಿಯ ನಿರಾಹಾರ, ಕಾರ್ಕಳದ ಜೈನ ಮನೆತನಗಳಲ್ಲಿ ಪರ್ವದಿನಗಳ ಉಪವಾಸ, ಕರಾವಳಿಯ ಮುಸಲ್ಮಾನರಲ್ಲಿ ರಂಜಾನ್ ವ್ರತ, ಕ್ರೈಸ್ತರಲ್ಲಿ ತಪಸ್ಸುಕಾಲದ ಸಂಯಮ, ಇವೆಲ್ಲವೂ ಅಕ್ಕಪಕ್ಕದಲ್ಲೇ ನಡೆದುಬಂದಿವೆ. ಹೀಗೆ ಬಿಡುವುದರಿಂದ ಆತ್ಮಕ್ಕೆ ಶ್ರೇಯಸ್ಸೆಂದು ಹಿರಿಯರು ನಂಬಿದ್ದರು. ದಿನನಿತ್ಯದ ಬಾಳಿಗೂ, ಈ ದೇಹಕ್ಕೂ ಅದರಿಂದ ಹಿತವಾದೀತೆ ಎಂಬುದು ವಿಚಾರಮಾಡತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ತಮ್ಮ ಶರೀರವನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡ ಮಹಾಪುರುಷರೊಬ್ಬರು 1934ರ ಫೆಬ್ರವರಿ 25ರಂದು ಉಡುಪಿಗೆ ಬಂದಿದ್ದರು. ಅಸ್ಪೃಶ್ಯತಾ ನಿವಾರಣೆಗಾಗಿ ದೇಶವನ್ನು ಸುತ್ತುತ್ತಿದ್ದ ಮಹಾತ್ಮ ಗಾಂಧೀಜಿಯವರಿಗೆ ಆಗ 64 ವರ್ಷ. ಹಿಂದಿನ ವರ್ಷದ ಮೇ ತಿಂಗಳಿನಲ್ಲಿ ಅವರು 21 ದಿನಗಳ ಉಪವಾಸವನ್ನು ಪೂರೈಸಿದ್ದರು. ಆಗಸ್ಟ್‌ನಲ್ಲಿ ಮತ್ತೊಮ್ಮೆ ಅನ್ನ ಬಿಟ್ಟು, ಪ್ರಾಣಕ್ಕೆ ಅಪಾಯ ಒದಗಿದಾಗ ಬಂಧಮುಕ್ತರಾಗಿದ್ದರು. ಅಂಥ ಕೃಶಕಾಯವು ಊರಿಂದೂರಿಗೆ ದಣಿವಿಲ್ಲದೆ ಸಂಚರಿಸಿದುದನ್ನು ಕಂಡವರಿಗೆ ಉಪವಾಸವೇ ಅವರ ಶಕ್ತಿಯ ಮೂಲವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರ ಜೀವನಚರಿತ್ರೆ ಹೇಳುವ ಸತ್ಯ ಅಷ್ಟು ಸರಳವಾದುದಲ್ಲ.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದ ಮೋಹನದಾಸರಿಗೆ ವ್ರತದ ಮೊದಲ ಪಾಠ ದೊರೆತುದು ತಾಯಿ ಪುತಲೀಬಾಯಿಯವರಿಂದ. ಒಂದು ಚಾತುರ್ಮಾಸ್ಯದಲ್ಲಿ ಆ ತಾಯಿ ಸೂರ್ಯದರ್ಶನವಾಗದೆ ಊಟಮಾಡುವುದಿಲ್ಲವೆಂಬ ನಿಯಮ ಹಿಡಿದಿದ್ದರು. ಮಳೆಗಾಲದ ಮೋಡಗಳ ನಡುವೆ ಸೂರ್ಯನು ಇಣುಕಿದೊಡನೆ ಮಕ್ಕಳು ಓಡಿಬಂದು ಕರೆಯುವರು. ತಾಯಿ ಹೊರಬರುವಷ್ಟರಲ್ಲಿ ಅವನು ಮರೆಯಾಗಿರುತ್ತಿದ್ದನು. ಆಕೆ ಬೇಸರಪಡದೆ ನಗುಮುಖದಿಂದಲೇ ಮನೆಗೆಲಸಕ್ಕೆ ಹಿಂದಿರುಗುವರು. ತ್ಯಾಗವು ಮುಖವನ್ನು ಬಾಡಿಸಬಾರದೆಂಬುದನ್ನು ಬಾಲಕನು ಅಲ್ಲಿ ಕಂಡುಕೊಂಡನು.

ದಕ್ಷಿಣ ಆಫ್ರಿಕದಲ್ಲಿ ವಕೀಲಿ ನಡೆಸುತ್ತಿದ್ದಾಗ ಅವರನ್ನು ಮಲಬದ್ಧತೆಯೂ ತಲೆನೋವೂ ಪೀಡಿಸುತ್ತಿದ್ದವು. ಇಂಗ್ಲೆಂಡಿನಲ್ಲಿ ಕೆಲವರು ಬೆಳಗಿನ ಉಪಾಹಾರವನ್ನು ಬಿಟ್ಟು ಆರೋಗ್ಯ ಪಡೆದರೆಂಬ ಸುದ್ದಿಯನ್ನು ಓದಿ ಗಾಂಧೀಜಿಯವರೂ ಅದನ್ನು ಬಿಟ್ಟರು. ಕೆಲವು ದಿನಗಳ ಕಷ್ಟದ ನಂತರ ತಲೆನೋವು ಸಂಪೂರ್ಣವಾಗಿ ಮಾಯವಾಯಿತು. ತಾವು ಅಲ್ಲಿಯವರೆಗೆ ಅಗತ್ಯಕ್ಕಿಂತ ಹೆಚ್ಚು ತಿನ್ನುತ್ತಿದ್ದರೆಂಬುದೇ ಅವರು ತೆಗೆದ ತೀರ್ಮಾನ. ಕಸ್ತೂರಬಾ ರೋಗಪೀಡಿತರಾಗಿದ್ದಾಗ ಉಪ್ಪನ್ನೂ ಬೇಳೆಯನ್ನೂ ಬಿಡಬೇಕೆಂದು ಪತಿ ಸೂಚಿಸಿದರು. ನೀವಾದರೂ ಅವನ್ನು ಬಿಡಬಲ್ಲಿರಾ ಎಂಬ ಅರ್ಥದ ಮಾತು ಅವರಿಂದ ಬಂದೊಡನೆ ತಾವೇ ಒಂದು ವರ್ಷ ಬಿಡುವುದಾಗಿ ಸಂಕಲ್ಪಿಸಿದರು. ಪರರಿಗೆ ಹೇಳುವ ಪಥ್ಯವನ್ನು ಮೊದಲು ತಾನು ಹಿಡಿಯಬೇಕೆಂಬುದು ಅವರ ಆಜೀವ ನಿಯಮವಾಯಿತು.

ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದ ಪ್ರಸಂಗ ಫೀನಿಕ್ಸ್ ಆಶ್ರಮದ್ದು. 1913ರಲ್ಲಿ ಆಶ್ರಮವಾಸಿಗಳಿಬ್ಬರ ನೈತಿಕ ಪತನದ ವಾರ್ತೆ ಕೇಳಿದಾಗ ಅವರು ತಪ್ಪಿತಸ್ಥರನ್ನು ದಂಡಿಸಲಿಲ್ಲ. ತಮ್ಮ ಆಶ್ರಯದಲ್ಲಿದ್ದವರ ತಪ್ಪಿಗೆ ತಾವೂ ಹೊಣೆಯೆಂದು ಭಾವಿಸಿ ಏಳು ದಿನ ಉಪವಾಸ ಮಾಡಿದರು. ಅನಂತರ ನಾಲ್ಕೂವರೆ ತಿಂಗಳು ಒಪ್ಪತ್ತು ಉಂಡರು. ಆಶ್ರಮದ ವಾತಾವರಣ ಅದರಿಂದ ತಿಳಿಯಾಯಿತು. ಮುಂದೆ 1914ರಲ್ಲಿ ಹದಿನಾಲ್ಕು ದಿನಗಳ ಉಪವಾಸ ಕೈಗೊಂಡಾಗ ಮಾತ್ರ ಶರೀರವು ತನ್ನ ಲೆಕ್ಕವನ್ನು ಒಪ್ಪಿಸಿತು. ಯಥೇಷ್ಟವಾಗಿ ನೀರು ಕುಡಿಯಬೇಕೆಂಬುದು ಆಗ ಅವರಿಗೆ ತಿಳಿದಿರಲಿಲ್ಲ. ಗಂಟಲೊಣಗಿ ಮಾತು ಕ್ಷೀಣವಾಯಿತು. ಚೇತರಿಸಿಕೊಳ್ಳುವ ಮೊದಲೇ ಅತಿಯಾಗಿ ನಡೆದುದರಿಂದ ಕಾಲುನೋವು ಬಂದಿತು. ಲಂಡನ್ನಿಗೆ ಹೋದ ಮೇಲೆ ಪಕ್ಕೆಯ ಉರಿಯೂತವೂ ಹಿಡಿದು ಅವರನ್ನು ಹಾಸಿಗೆಗೆ ಕೆಡಹಿತು.

ಸ್ವದೇಶಕ್ಕೆ ಮರಳಿ 1915ರ ಕುಂಭಮೇಳಕ್ಕೆ ಹರಿದ್ವಾರಕ್ಕೆ ಹೋದಾಗ, ದಿನವೊಂದಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥಗಳನ್ನು ಸೇವಿಸುವುದಿಲ್ಲ, ಕತ್ತಲಾದ ಮೇಲೆ ಊಟಮಾಡುವುದಿಲ್ಲ ಎಂಬ ವ್ರತವನ್ನು ಕೈಗೊಂಡರು. ಊರೂರುಗಳಲ್ಲಿ ಆತಿಥೇಯರು ಬಡಿಸುತ್ತಿದ್ದ ಭಕ್ಷ್ಯಗಳ ರಾಶಿಯಿಂದ ಈ ನಿಯಮ ಅವರನ್ನು ರಕ್ಷಿಸಿತು. ಅನೇಕ ರೋಗಗಳಿಂದ ತಮ್ಮನ್ನು ಪಾರುಮಾಡಿದುದು ಇದೇ ಎಂದು ಅವರು ಮುಂದೆ ಭಾವಿಸಿದರು. ಆಡಂಬರವಿಲ್ಲದ ಈ ನಿತ್ಯಮಿತಿಯೇ ಅವರ ಸಮಸ್ತ ಪ್ರಯೋಗಗಳಲ್ಲಿ ಅತ್ಯಂತ ಫಲಕಾರಿಯಾದುದೆಂದರೆ ತಪ್ಪಾಗಲಾರದು.

ಆದರೆ ನಿಯಮವು ಹಟವಾದಾಗ ಅವರೂ ಸೋತರು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಕಾರ್ಯದಲ್ಲಿ ಓಡಾಡುತ್ತ, ನೆಲಗಡಲೆಯ ಬೆಣ್ಣೆ ಮತ್ತು ನಿಂಬೆಹಣ್ಣುಗಳ ಮೇಲೆ ಮುಖ್ಯವಾಗಿ ಜೀವಿಸುತ್ತಿದ್ದಾಗ ರಕ್ತಭೇದಿ ತಗುಲಿ ಮರಣದ ಹೊಸ್ತಿಲಿಗೆ ಹೋದರು. ಔಷಧವನ್ನು ನಿರಾಕರಿಸಿದರು. ಹಾಲಿಲ್ಲದೆ ದೇಹ ಕಟ್ಟಲಾಗದೆಂದು ವೈದ್ಯರು ಹೇಳಿದಾಗ, 1912ರಲ್ಲಿ ಹಾಲು ಬಿಟ್ಟ ಪ್ರತಿಜ್ಞೆ ಅಡ್ಡ ಬಂದಿತು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲಷ್ಟೆ ಎಂದು ನೆನಪಿಸಿ ಮೇಕೆಯ ಹಾಲಿನ ದಾರಿ ತೋರಿದವರು ಕಸ್ತೂರಬಾ. ಅದನ್ನು ಕುಡಿದು ಗಾಂಧೀಜಿ ಬದುಕಿದರು. ವ್ರತದ ಅಕ್ಷರವುಳಿದು ಆತ್ಮ ಗಾಸಿಯಾಯಿತೆಂಬ ಕೊರಗನ್ನು ಮರೆಮಾಚದೆ ಲೋಕಕ್ಕೆ ತಿಳಿಸಿದರು.

1927ರ ಮಾರ್ಚ್‌ನಲ್ಲಿ ಖಾದಿ ಪ್ರವಾಸದ ನಡುವೆ, ಕೊಲ್ಲಾಪುರ ನಿಪ್ಪಾಣಿಗಳ ಸೀಮೆಯಲ್ಲಿ ಅತಿಶ್ರಮ ಮತ್ತು ರಕ್ತದ ಒತ್ತಡದಿಂದ ಅವರು ಕುಸಿದರು. ವೈದ್ಯರು ವಿಧಿಸಿದುದು ವಿಶ್ರಾಂತಿ. ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ನಂದಿಬೆಟ್ಟದ ತಂಪಿನಲ್ಲಿ, ಬಳಿಕ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಅವರು ತಂಗಿದರು. ಕೆಲಸವನ್ನು ಬಿಡುವುದೂ ಒಂದು ತ್ಯಾಗವೆಂಬುದನ್ನು ಕನ್ನಡನಾಡಿನ ಆ ಬೆಟ್ಟ ಅವರಿಗೆ ಕಲಿಸಿತು. ಅಲ್ಪಾಹಾರ ಎಷ್ಟಿದ್ದರೇನು, ದುಡಿಮೆಗೆ ಮಿತಿಯಿಲ್ಲದಿದ್ದರೆ ದೇಹ ಕ್ಷಮಿಸದು. ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಅವರು ಬೆಂಗಳೂರಿನ ಸರ್ಕಾರಿ ಹೈನು ಕೇಂದ್ರಕ್ಕೆ ಹೋಗಿ ಗೋಪಾಲನೆಯ ವಿಧಾನಗಳನ್ನು ವಿದ್ಯಾರ್ಥಿಯಂತೆ ಅಭ್ಯಸಿಸಿದರು. ಆದರೂ ಆಹಾರದ ಹಂಬಲ ಅವರನ್ನು ಬಿಡಲಿಲ್ಲ. 1929ರಲ್ಲಿ ಬೇಯಿಸದ ಆಹಾರದ ಪ್ರಯೋಗಕ್ಕಿಳಿದು ಮತ್ತೆ ರಕ್ತಭೇದಿಗೆ ಗುರಿಯಾದರು. ಸೋಲನ್ನು ಒಪ್ಪಿ ಅದನ್ನು ಕೈಬಿಟ್ಟರು.

ಅವರ ಸಾರ್ವಜನಿಕ ಉಪವಾಸಗಳ ಗೋತ್ರವೇ ಬೇರೆ. 1924ರಲ್ಲಿ ಹಿಂದು-ಮುಸ್ಲಿಂ ಐಕ್ಯಕ್ಕಾಗಿ ದಿಲ್ಲಿಯಲ್ಲಿ 21 ದಿನ ಉಪವಾಸವಿದ್ದ ಅವರು ಅದೇ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದರು. 1932ರ ಸೆಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ, 1943ರಲ್ಲಿ 73ರ ವಯಸ್ಸಿನಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿ, 1948ರ ಜನವರಿ 13ರಿಂದ 18ರವರೆಗೆ ದಿಲ್ಲಿಯಲ್ಲಿ ಅವರು ಅನ್ನ ತೊರೆದುದು ಆರೋಗ್ಯಕ್ಕಾಗಿ ಅಲ್ಲ. ಪ್ರಾಣವನ್ನೇ ಪಣವಾಗಿಟ್ಟು ಜನರ ಅಂತಃಸಾಕ್ಷಿಯನ್ನು ಎಚ್ಚರಿಸುವುದಕ್ಕಾಗಿ. ಇಂಥ ಉಪವಾಸದಿಂದ ಶರೀರಕ್ಕಾದ ಹಾನಿಯನ್ನು ಅವರು ತಿಳಿದೇ ಸ್ವೀಕರಿಸಿದರು. ಆಗಲೂ ಅನುಭವ ಕಲಿಸಿದ ಎಚ್ಚರಗಳನ್ನು ಬಿಡಲಿಲ್ಲ: ಸಾಕಷ್ಟು ನೀರು, ಪೂರ್ಣ ವಿಶ್ರಾಂತಿ, ಮೈಯ ಶುಚಿತ್ವ, ಪಾರಣೆಯಲ್ಲಿ ಹಣ್ಣಿನ ರಸದಿಂದ ಮೆಲ್ಲಮೆಲ್ಲನೆ ಆಹಾರಕ್ಕೆ ಮರಳುವುದು. ಅವರ ಈ ಉಪವಾಸಗಳನ್ನು ದೇಹಸಾಧನೆಯ ಮಾದರಿಯೆಂದು ಅನುಕರಿಸಹೊರಟವರು ಅವರನ್ನು ತಪ್ಪು ತಿಳಿದಂತೆಯೇ ಸರಿ.

ಇಂದಿನ ವೈದ್ಯಶಾಸ್ತ್ರವೂ ಅವರ ಅನುಭವಕ್ಕೆ ಬಹುಮಟ್ಟಿಗೆ ಸಮ್ಮತಿಯನ್ನೇ ನೀಡುತ್ತದೆ. ಅನ್ನ ನಿಂತಾಗ ಶರೀರವು ಮೊದಲು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ಅಂಶವನ್ನೂ ಬಳಿಕ ಮುಖ್ಯವಾಗಿ ಕೊಬ್ಬನ್ನೂ ಉರಿಸುತ್ತದೆ. ಉಪವಾಸ ದೀರ್ಘವಾದರೆ ಸ್ನಾಯುಗಳೂ ಸವೆಯುತ್ತವೆ. ಊಟದ ವೇಳೆಯನ್ನು ಮಿತಿಗೊಳಿಸುವುದರಿಂದ ಸ್ಥೂಲಕಾಯರಿಗೆ ತೂಕ ಇಳಿಯಬಹುದು. ಆದರೆ ಪ್ರತಿದಿನ ಸ್ವಲ್ಪ ಕಡಿಮೆ ಉಣ್ಣುವುದರಿಂದಲೂ ಸುಮಾರಾಗಿ ಅದೇ ಫಲ ದೊರೆಯುವುದು ಕಂಡುಬಂದಿದೆ. ದೀರ್ಘ ಉಪವಾಸದ ನಂತರ ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ಪ್ರಾಣಾಪಾಯವೂ ಉಂಟು. ಬೆಳೆಯುವ ಮಕ್ಕಳು, ಗರ್ಭಿಣಿಯರು, ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರ ಸಲಹೆಯಿಲ್ಲದೆ ಉಪವಾಸಕ್ಕೆ ತೊಡಗುವುದು ಸಲ್ಲದು. ಉಣ್ಣಲು ಇಲ್ಲದವನ ಹಸಿವನ್ನಂತೂ ತ್ಯಾಗವೆಂದು ಹೊಗಳುವುದು ಕ್ರೌರ್ಯವೇ ಆದೀತು.

1948ರ ಜನವರಿ 30ರಂದು ಗಾಂಧೀಜಿ ಹಂತಕನ ಗುಂಡಿಗೆ ಬಲಿಯಾದರು. ಕೊನೆಯ ಉಪವಾಸ ಮುಗಿದು ಆಗ ಹನ್ನೆರಡು ದಿನಗಳಷ್ಟೇ ಕಳೆದಿದ್ದವು. ಅವರು ಬಿಟ್ಟುಹೋದ ಪಾಠವನ್ನು ಕಾಯಕ ಮತ್ತು ಪ್ರಸಾದಗಳ ತತ್ತ್ವವನ್ನರಿತವರು ಸುಲಭವಾಗಿ ಗ್ರಹಿಸಬಲ್ಲರು. ದೇಹವು ದುಡಿಮೆಯ ಸಾಧನ. ಅದನ್ನು ಕೊಬ್ಬಿಸುವುದೂ ಒಣಗಿಸುವುದೂ ಸಮಾನವಾದ ಅಪಚಾರಗಳು. ಬೇಡದ ಒಂದು ತುತ್ತನ್ನು ನಗುಮುಖದಿಂದ ಬಿಟ್ಟವನ ಮೈ ಹಗುರವಾಗುತ್ತದೆ. ಆ ತುತ್ತು ಪಂಕ್ತಿಯ ಕೊನೆಯಲ್ಲಿ ಕುಳಿತ ಬಾಲಕನ ಎಲೆಗೆ ತಲುಪಿದರೆ ಇಬ್ಬರ ಬಾಳೂ ಹಸನಾಗುತ್ತದೆ. ಪುತಲೀಬಾಯಿಯವರ ನಗುಮುಖದಲ್ಲಿ ಮೊದಲು ಬೆಳಗಿದ ಆ ವ್ರತವನ್ನು ಹೀಗೆ ಮುಂದುವರಿಸುವುದೇ ಮಹಾತ್ಮರ ಸ್ಮರಣೆಗೆ ಸಲ್ಲುವ ನಿಜವಾದ ಗೌರವ.