ವಿಭೂತಿಹಳ್ಳಿಯ ಕಲ್ಲುಗಳನ್ನು ಅಳೆದ ಟೇಲರ್

ಫಿಲಿಪ್ ಮೆಡೋಸ್ ಟೇಲರ್ ಎಂದರೆ ಸುರಪುರದವರಿಗೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೆನಪಾಗುತ್ತದೆ. ವಿಜ್ಞಾನ ಪಾಠ ಮಾಡುವ ನನಗೆ ವಿಭೂತಿಹಳ್ಳಿಯ ಕಲ್ಲುಗಳು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಆತ 1824ರಲ್ಲಿ, ಇನ್ನೂ ಹುಡುಗನಿದ್ದಾಗಲೇ, ಮುಂಬಯಿಗೆ ಬಂದು ನಿಜಾಮನ ಸೈನ್ಯ ಸೇರಿದ. ಭೂಮಾಪನವನ್ನು ಕೆಲಸ ಮಾಡುತ್ತಲೇ ಕಲಿತ.

1841ರಲ್ಲಿ ಸುರಪುರಕ್ಕೆ ಬಂದವನು ಬಾಲಕ ದೊರೆ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಳ್ಳುತ್ತಲೇ ಕೃಷ್ಣಾ-ಭೀಮಾ ನಡುವಿನ ನೆಲ ಸುತ್ತಿದ. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳನ್ನು ಅಳೆದ. ರಾಜನಕೋಳೂರಿನ ಕಲ್ಮನೆಗಳನ್ನು ನೋಡಿದ. ಜೇವರ್ಗಿಯಲ್ಲಿ ಗೋರಿಗಳನ್ನು ಅಗೆಸಿ, ಎಲುಬು, ಮಡಕೆ ಕಂಡಂತೆ ಚಿತ್ರ ಸಮೇತ ಬರೆದಿಟ್ಟ. ಎಡವಿದ್ದು ಕಾಲನಿರ್ಣಯದಲ್ಲಿ. ಯುರೋಪಿನ ಕಲ್ಲುಗೋರಿಗಳ ಹೋಲಿಕೆ ಹಿಡಿದು ಇವು ಸಿಥಿಯನ್ನರವು ಎಂದುಕೊಂಡ. ದಕ್ಷಿಣದ ಬೃಹತ್ ಶಿಲಾ ಗೋರಿಗಳು ಬಹುಪಾಲು ಕಬ್ಬಿಣ ಯುಗದವೆಂದು ಈಗ ಗೊತ್ತು. ಊಹೆ ಬಿತ್ತು, ಅಳತೆ ಉಳಿಯಿತು. ನಂತರದವರು ಆ ಅಳತೆಯನ್ನೇ ಹಿಡಿದು ಮುಂದೆ ಹೋದರು. ವೀಕ್ಷಣೆ ಬೇರೆ, ಊಹೆ ಬೇರೆ ಎಂದು ತೋರಿಸಲು ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ಟೇಪು, ಗ್ರಾಫ್ ಹಾಳೆ ಇದ್ದರೆ ಒಂದು ಸಾಲನ್ನು ಅವರೇ ಅಳೆಯಬಲ್ಲರು.

ಆತ ಕೈಹಿಡಿದು ಬೆಳೆಸಿದ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಲ್ಲಿದ್ದಾಗಲೇ ಗುಂಡಿಗೆ ಬಲಿಯಾದ. ಟೇಲರ್ 1876ರಲ್ಲಿ ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ.