ರಾಬರ್ಟ್ ಬ್ರೂಸ್ ಫೂಟ್ (1834–1912): ನದೀದಂಡೆಗಳಲ್ಲಿ ಪ್ರಾಗಿತಿಹಾಸದ ಶೋಧ

ಭಾರತೀಯ ಪ್ರಾಗಿತಿಹಾಸ ಅಧ್ಯಯನದ ಪಿತಾಮಹರೆಂದು ಖ್ಯಾತರಾದ ರಾಬರ್ಟ್ ಬ್ರೂಸ್ ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸೇರಿ, 1891ರಲ್ಲಿ ನಿವೃತ್ತರಾದರು.

ಆರಂಭಿಕ ಶೋಧಗಳು

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಇವರಿಗೆ ಹಳೆಯ ಶಿಲಾಯುಗದ ಕಲ್ಲಿನ ಆಯುಧವೊಂದು ದೊರೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ, ಮಳೆನೀರು ಕೊರೆದ ಅತ್ತಿರಂಪಾಕ್ಕಂನ ಹಳ್ಳದ ದಂಡೆಯಲ್ಲಿ ಇನ್ನಷ್ಟು ಆಯುಧಗಳನ್ನು ಪತ್ತೆಹಚ್ಚಿದರು. ಈ ನೆಲೆಯ ಪ್ರಾಚೀನತೆ ಸುಮಾರು 15 ಲಕ್ಷ ವರ್ಷಗಳೆಂದು 2011ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿದೆ.

ಸರ್ವೇಕ್ಷಣಾ ವಿಧಾನ

ಪ್ರವಾಹವು ದಂಡೆಯನ್ನು ಕೊರೆದಾಗ ಮಣ್ಣಿನ ಪದರಗಳು ಗೋಚರಿಸುತ್ತವೆ; ಅದೇ ಪ್ರವಾಹ ಅಲ್ಲಿನ ಅವಶೇಷಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ವಸ್ತು ಯಾವ ಪದರದಲ್ಲಿತ್ತು ಎಂಬುದನ್ನು ಸಕಾಲದಲ್ಲಿ ದಾಖಲಿಸುವುದು ಅತ್ಯವಶ್ಯ. 1893ರಲ್ಲಿ ಗುಜರಾತಿನ ಸಾಬರಮತಿ ನದಿಯ ಕಡಿದಾದ ದಂಡೆಗಳನ್ನು ಪರಿಶೀಲಿಸಿದ ಫೂಟ್ ಅವರು, ದಪ್ಪನಾದ ಹೂಳಿನ ಕೆಳಗಿನ ಜಲ್ಲಿ ಪದರದಿಂದ ಹಳೆಯ ಶಿಲಾಯುಗದ ಆಯುಧಗಳನ್ನು ಗುರುತಿಸಿದರು. ನಡುವಿನ ಹೂಳನ್ನು ಆಧರಿಸಿ, ಹಳೆಯ ಹಾಗೂ ನವಶಿಲಾಯುಗಗಳ ನಡುವೆ ದೀರ್ಘಕಾಲ ಸಂದಿದೆಯೆಂದು ನಿರ್ಣಯಿಸಿದರು.

ಕರ್ನಾಟಕದೊಡನೆ ಸಂಬಂಧ

ಮಲಪ್ರಭಾ ಮತ್ತು ಘಟಪ್ರಭಾ ಕಣಿವೆಗಳಲ್ಲಿ ಇವರು ಶಿಲಾಯುಧಗಳನ್ನು ಶೋಧಿಸಿದರು. ಗೋಕಾಕದ ಸಮೀಪ ದೊರೆತ ಅಳಿದುಹೋದ ಘೇಂಡಾಮೃಗದ ಪಳೆಯುಳಿಕೆಯನ್ನು 1874ರಲ್ಲಿ ವಿವರಿಸಿದರು. ಬಳ್ಳಾರಿ ಪ್ರದೇಶದ ಬೂದಿ ದಿಬ್ಬಗಳು ಸುಟ್ಟ ಸಗಣಿಯಿಂದಾದವೆಂಬ ಇವರ ಅಭಿಪ್ರಾಯವನ್ನು ನಂತರದ ಸಂಶೋಧನೆಗಳು ಸಮರ್ಥಿಸಿದವು. 1894ರಲ್ಲಿ ಸ್ಥಾಪನೆಯಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಇವರೇ ಪ್ರಥಮ ಮುಖ್ಯಸ್ಥರು.

ಸಂಗ್ರಹ ಮತ್ತು ನಿಧನ

ಇವರ ಸಂಗ್ರಹವು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯಕ್ಕೆ ಸೇರಿತು. ಪ್ರತಿಯೊಂದು ವಸ್ತುವಿನ ಪ್ರಾಪ್ತಿಸ್ಥಳವನ್ನು ನಮೂದಿಸಿ ಇವರು ಸಿದ್ಧಪಡಿಸಿದ ಸೂಚಿಯು, 1912ರ ಡಿಸೆಂಬರ್ 29ರಂದು ಇವರು ನಿಧನರಾದ ನಂತರ ಪ್ರಕಟವಾಯಿತು. ಪ್ರಾಪ್ತಿಸ್ಥಳ ದಾಖಲಾಗಿರುವುದರಿಂದಲೇ ಆ ಸಂಗ್ರಹವು ಇಂದಿಗೂ ಸಂಶೋಧಕರಿಗೆ ಉಪಯುಕ್ತವಾಗಿದೆ.

ಸಾರ್ವಜನಿಕರ ಗಮನಕ್ಕೆ

ನದಿ, ಹಳ್ಳ ಅಥವಾ ಕೆರೆಯ ದಂಡೆ ಕುಸಿದಾಗ ಶಿಲಾಯುಧ, ಮಡಕೆ ಚೂರು, ಮೂಳೆ, ಶಾಸನ ಮುಂತಾದುವು ಕಂಡುಬಂದಲ್ಲಿ, ಅವುಗಳನ್ನು ಕದಲಿಸದೆ, ಸ್ಥಳದ ವಿವರಗಳೊಂದಿಗೆ ಜಿಲ್ಲಾಧಿಕಾರಿಗಳ ಅಥವಾ ತಹಶೀಲ್ದಾರರ ಕಚೇರಿಗೆ ವಿಳಂಬವಿಲ್ಲದೆ ಮಾಹಿತಿ ನೀಡಲು ಕೋರಲಾಗಿದೆ. ಸ್ಥಳದಿಂದ ತೆಗೆದ ವಸ್ತುವು ಉಳಿದರೂ ಅದರ ಚರಿತ್ರೆಯು ಅಳಿದುಹೋಗುತ್ತದೆ.