ಬರಿಗಾಲಿನ ಮೋಡಿಗಾರ ಅಹ್ಮದ್ ಖಾನ್

ನಮ್ಮ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಹುಡುಗರಿಗೆ ಆಟವೆಂದರೆ ಮೊದಲು ಕ್ರಿಕೆಟ್, ಆಮೇಲೆ ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ಆಟಗಾರರ ಹೆಸರು ಹೇಳಿ ಎಂದರೆ ಪೀಲೆ, ಮರಡೋನಾ ಎನ್ನುತ್ತಾರೆ. ನಮ್ಮದೇ ರಾಜ್ಯದ ಒಬ್ಬರು ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿ, ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು ಎಂಬುದು ಬಹಳ ಮಂದಿಗೆ ತಿಳಿಯದು. ಅವರೇ ಬೆಂಗಳೂರಿನ ಜನಾಬ್ ಅಹ್ಮದ್ ಖಾನ್.

ಅಹ್ಮದ್ ಖಾನ್ ಅವರು ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ತಂದೆಯೂ ಫುಟ್‌ಬಾಲ್ ಆಟಗಾರರು, ಸಹೋದರರೂ ಆಟಗಾರರು. ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ದಂಡು ಪ್ರದೇಶದಲ್ಲಿ ಸಿಪಾಯಿಗಳ ಆಟವನ್ನು ನೋಡಿ ನೋಡಿಯೇ ಸುತ್ತಲಿನ ಬಡಾವಣೆಗಳ ಹುಡುಗರು ಚೆಂಡು ಒದೆಯಲು ಕಲಿತರು. ಅವರ ಬಳಿ ಬೂಟುಗಳಿರಲಿಲ್ಲ, ಬರಿಗಾಲೇ ಗತಿ.

ಆ ಕಾಲದಲ್ಲಿ ಬೆಂಗಳೂರಿನ ಹೆಮ್ಮೆಯ ತಂಡವೆಂದರೆ 'ಬೆಂಗಳೂರು ಮುಸ್ಲಿಮ್ಸ್'. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದಾಗಿನಿಂದ ಬ್ರಿಟಿಷ್ ಸೈನ್ಯದ ಪಡೆಗಳ ಪಾಲೇ ಆಗಿತ್ತು. 1937ರಲ್ಲಿ ಆ ಸಾಲನ್ನು ಮುರಿದು ಕಪ್ ಎತ್ತಿದ ಮೊದಲ ಭಾರತೀಯ ತಂಡ ಕಲ್ಕತ್ತೆಯದಲ್ಲ, ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ ಅವರದೇ. ಆಗ ಅಹ್ಮದ್ ಖಾನ್‌ಗೆ ಹತ್ತು ಹನ್ನೊಂದರ ವಯಸ್ಸು. ಬೆಳೆದ ಮೇಲೆ ಅವರೂ ಅದೇ ತಂಡದ ಅಂಗಿ ತೊಟ್ಟರು.

ಅವರ ಜಾಗ 'ಇನ್‌ಸೈಡ್ ಲೆಫ್ಟ್'. ಆಗ ಮುಂದೆ ಐವರು ಆಡುವ ಪದ್ಧತಿ. ಅವರಲ್ಲಿ ಎಡಗಡೆಯ ಒಳಭಾಗದವನು ಹಿಂದಕ್ಕೆ ಬಂದು ಚೆಂಡು ಪಡೆದು, ಎದುರಾಳಿಗಳನ್ನು ತಪ್ಪಿಸಿ ಮುಂದಿನವರಿಗೆ ದಾರಿ ಮಾಡಿಕೊಡಬೇಕು. ಈಗಿನ ಮಾತಿನಲ್ಲಿ ಹೇಳುವುದಾದರೆ ದಾಳಿಗಿಳಿಯುವ ಮಿಡ್‌ಫೀಲ್ಡರ್. ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಗೋಲಿಗೆ ಚೆಂಡು ಕೊಟ್ಟವನ ಹೆಸರು ಅನೇಕ ವೇಳೆ ಬರುವುದಿಲ್ಲ. ಆದರೂ ಅಹ್ಮದ್ ಖಾನ್ ಆಟ ನೋಡಿದವರು ಅವರಿಗೆ 'ಹಾವಾಡಿಗ' ಎಂಬ ಬಿರುದನ್ನೇ ಕೊಟ್ಟರು. ಪುಂಗಿಯ ಮುಂದೆ ಹಾವು ಆಡುವಂತೆ ಚೆಂಡು ಅವರ ಕಾಲಿನ ಮಾತು ಕೇಳುತ್ತಿತ್ತಂತೆ.

1948ರ ಲಂಡನ್ ಒಲಿಂಪಿಕ್ಸ್ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡದ ಮೊದಲ ದೊಡ್ಡ ಪರೀಕ್ಷೆ. ಮುಂದೆ ವೈದ್ಯರಾದ ನಾಗಾ ಬೆಟ್ಟಗಳ ತಾಲಿಮೆರೆನ್ ಆವ್ ನಾಯಕ. ಜುಲೈ 31ರಂದು ಇಲ್‌ಫರ್ಡ್ ಮೈದಾನದಲ್ಲಿ ಫ್ರಾನ್ಸ್ ವಿರುದ್ಧ ಪಂದ್ಯ. ಹೆಚ್ಚಿನ ಆಟಗಾರರು ಬರಿಗಾಲಿನಲ್ಲಿ, ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡು ಇಳಿದರು. ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ಕೈತಪ್ಪಿದವು, ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಅಂದು ಆಡಿದ ಹನ್ನೊಂದು ಮಂದಿಯಲ್ಲಿ ಇಪ್ಪತ್ತೊಂದು ವರ್ಷದ ಅಹ್ಮದ್ ಖಾನ್ ಒಬ್ಬರು.

ಮರುವರ್ಷ ಅವರ ಬದುಕಿನ ದಿಕ್ಕೇ ಬದಲಾಯಿತು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್‌ನ ಜ್ಯೋತಿಷ್ ಗುಹಾ ಅವರು ದಕ್ಷಿಣದ ಪ್ರತಿಭೆಗಳನ್ನು ಹುಡುಕಿ ಕರೆತರುತ್ತಿದ್ದರು. 1949ರಲ್ಲಿ ಅಹ್ಮದ್ ಖಾನ್ ಆ ಕ್ಲಬ್ ಸೇರಿದರು.

ಆಗಿನ ಕಲ್ಕತ್ತೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ದೇಶ ಇಬ್ಭಾಗವಾಗಿ ಎರಡೇ ವರ್ಷ. 1946ರ ಗಲಭೆಯ ಗಾಯ ಮಾಸಿರಲಿಲ್ಲ. 1950ರಲ್ಲಿ ಗಡಿಯ ಎರಡೂ ಕಡೆ ಮತ್ತೆ ರಕ್ತ ಹರಿಯಿತು. ಆಗಿನ ಪೂರ್ವ ಪಾಕಿಸ್ತಾನದಿಂದ ಮನೆಮಠ ಬಿಟ್ಟು ಬಂದ ನಿರಾಶ್ರಿತ ಹಿಂದೂ ಕುಟುಂಬಗಳು ರೈಲು ನಿಲ್ದಾಣಗಳಲ್ಲಿ, ಶಿಬಿರಗಳಲ್ಲಿ ಉಳಿದಿದ್ದವು. ಅವರಿಗೆ ತಮ್ಮದು ಎಂದು ಹೇಳಿಕೊಳ್ಳಲು ಉಳಿದಿದ್ದ ಕೆಲವೇ ವಸ್ತುಗಳಲ್ಲಿ ಊರ ಹೆಸರು ಹೊತ್ತ ಈ ಈಸ್ಟ್ ಬೆಂಗಾಲ್ ಕ್ಲಬ್ ಒಂದು. ಅಂಥ ಜನರ ನಡುವೆ, ಅವರ ಭಾಷೆ ಬಾರದ ಬೆಂಗಳೂರಿನ ಒಬ್ಬ ಮುಸ್ಲಿಂ ತರುಣ ಮೈದಾನಕ್ಕಿಳಿದ. ಅವರು ಅವನನ್ನು ದೂರವಿಡಲಿಲ್ಲ, ತಲೆಯ ಮೇಲೆ ಹೊತ್ತರು.

ಮುಂಚೂಣಿಯ ಐವರೂ ದಕ್ಷಿಣದವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಅಭಿಮಾನಿಗಳು ಇವರಿಗೆ ಇಟ್ಟ ಹೆಸರು 'ಪಂಚ ಪಾಂಡವರು'. ಈ ಪಾಂಡವರಲ್ಲಿ ಇಬ್ಬರು ಮುಸ್ಲಿಮರು ಎಂಬುದು ಆ ಅಭಿಮಾನಿಗಳಿಗೆ ವಿಶೇಷವಾಗಿಯೇ ಕಾಣಲಿಲ್ಲ ಎನ್ನುವುದೇ ನನಗೆ ವಿಶೇಷವಾಗಿ ಕಾಣುತ್ತದೆ. 1949ರಲ್ಲಿ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರೂ ಅವರಿಗೆ ದಕ್ಕಿದವು. 1949, 50, 51ರಲ್ಲಿ ಸತತವಾಗಿ ಶೀಲ್ಡ್ ಬಂತು. 1951 ಮತ್ತು 52ರಲ್ಲಿ ಡ್ಯೂರಾಂಡ್ ಕಪ್ ಬಂತು.

1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್‌ಗೆ ಭಾರತಕ್ಕೆ ಪ್ರವೇಶ ಸಿಕ್ಕಿಯೂ ತಂಡ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಅದು ಪೂರ್ತಿ ಸರಿಯಲ್ಲ. ಆಗಿನ ಪದಾಧಿಕಾರಿಗಳಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲೇ ಇಲ್ಲ. ಅಹ್ಮದ್ ಖಾನ್ ಪೀಳಿಗೆಗೆ ತಪ್ಪಿದ ಆ ಅವಕಾಶ ಭಾರತಕ್ಕೆ ಆಮೇಲೆ ಸಿಗಲಿಲ್ಲ.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದವರು. ಫೈನಲ್‌ನಲ್ಲಿ ಮೇವಾಲಾಲ್ ಗೋಲಿನಿಂದ ಇರಾನ್ ಸೋತಿತು, ಭಾರತಕ್ಕೆ ಚಿನ್ನ.

ಇಷ್ಟೆಲ್ಲ ಗೆದ್ದ ಬರಿಗಾಲಿಗೆ ಹೆಲ್ಸಿಂಕಿಯಲ್ಲಿ ಕೊನೆಯ ಗಂಟೆ ಬಾರಿಸಿತು. 1952ರ ಜುಲೈ 15ರಂದು, ಚಳಿಯ ದೇಶದ ಮೈದಾನದಲ್ಲಿ, ಆಗಿನ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಸದೆಬಡಿಯಿತು. ಗೆದ್ದವರೇನು ಸಾಮಾನ್ಯರಲ್ಲ, ಆ ಕೂಟದ ಬೆಳ್ಳಿ ಪದಕ ಅವರದು. ಎಲ್ಲ ಮುಗಿದಿದ್ದ 89ನೆಯ ನಿಮಿಷದಲ್ಲಿ ಭಾರತದ ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. ಹತ್ತು ಗೋಲು ತಿಂದ ಮೇಲೂ ಗೋಲಿನತ್ತ ನುಗ್ಗುವ ಮನಸ್ಸು ಎಲ್ಲರಿಗೂ ಇರುವುದಿಲ್ಲ. ತಂಡ ಹಿಂದಿರುಗಿದ ಮೇಲೆ ದೇಶದ ಫುಟ್‌ಬಾಲ್ ಸಂಸ್ಥೆ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು.

ಬಾಲ್ಯದಿಂದ ಬೆರಳುಗಳಲ್ಲೇ ಚೆಂಡನ್ನು ಮಾತಾಡಿಸಿದವರಿಗೆ ಚರ್ಮದ ಬೂಟು ಒಂದು ಗೋಡೆಯಂತೆ. ಹಲವರ ಆಟ ಅಲ್ಲಿಗೆ ಮಂಕಾಯಿತು. ಅಹ್ಮದ್ ಖಾನ್ ಮಾತ್ರ ನಿಲ್ಲಲಿಲ್ಲ. 1954ರಲ್ಲಿ ಈಸ್ಟ್ ಬೆಂಗಾಲ್ ನಾಯಕರಾದರು, 1959ರವರೆಗೆ ಅದೇ ಕ್ಲಬ್‌ನಲ್ಲಿ ಆಡಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ಅವರು ತಂಡದಲ್ಲಿರಲಿಲ್ಲ. ಮಧ್ಯಭಾಗದಲ್ಲಿ ಬೆಂಗಳೂರಿನ ಇನ್ನೊಬ್ಬರು, ಕೆಂಪಯ್ಯ, ಬಂದಿದ್ದರು.

ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದ ಸಂಗತಿಯೊಂದಿದೆ. ಇಂದಿನ ಆಟಗಾರರಂತೆ ಕೋಟಿಗಳ ಒಪ್ಪಂದ ಅಂದು ಇರಲಿಲ್ಲ. ಒಲಿಂಪಿಕ್ಸ್ ನಿಯಮದಂತೆ ಆಟಗಾರರು ಹವ್ಯಾಸಿಗಳೆಂದೇ ಲೆಕ್ಕ. ಕ್ಲಬ್ಬಿನ ಮೆಸ್ಸಿನಲ್ಲಿ ಊಟ ವಸತಿ, ಸಿಕ್ಕವರಿಗೆ ಯಾವುದೋ ಇಲಾಖೆಯಲ್ಲಿ ಒಂದು ನೌಕರಿ, ಇಷ್ಟೇ ಆಸರೆ. ದಿನವಿಡೀ ಆಟವೇ ಬದುಕು, ಕಾಗದದ ಮೇಲೆ ಮಾತ್ರ ಅದು ವೃತ್ತಿಯಲ್ಲ. 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾಗುವ ಹೊತ್ತಿಗೆ ಅವರ ಕ್ಲಬ್ ಆಟ ಮುಗಿದು ಎರಡು ವರ್ಷವಾಗಿತ್ತು.

ಮರ್ಹೂಮ್ ಅಹ್ಮದ್ ಖಾನ್ ಅವರು 2017ರ ಆಗಸ್ಟ್ 27ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಹುಟ್ಟಿದ ಊರಾದ ಬೆಂಗಳೂರಿನಲ್ಲೇ ತೀರಿಕೊಂಡರು. ಪಂಚ ಪಾಂಡವರಲ್ಲಿ ಕೊನೆಯವರೆಗೆ ಉಳಿದಿದ್ದವರು ಅವರೇ. ಮೂರು ವರ್ಷಗಳ ನಂತರ, 2020ರ ಆಗಸ್ಟ್‌ನಲ್ಲಿ, ಈಸ್ಟ್ ಬೆಂಗಾಲ್ ಕ್ಲಬ್‌ಗೆ ನೂರು ವರ್ಷ ತುಂಬಿತು.